ಶನಿ ತಿರುಗುವ ಶುಕ್ರವಾರ

ಆ ಬಾವಿಯೊಂದು ಇಲ್ಲದಿದ್ದರೆ ನಂದಕುಮಾರ್‌ಗೆ ಒಡಹುಟ್ಟಿದ ಅಣ್ಣನನ್ನು ಕೊಲ್ಲುವ ಯೋಚನೆಯೇ ಬರುತ್ತಿರಲಿಲ್ಲ.

ಕೋಣನಕುಂಟೆಯ ಅವರ ಜಮೀನಿನ ಮೂರು ಮಗ್ಗುಲಿಗೂ ಲೇಔಟ್ ಬಂದು ನಿಂತಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಸೈಟಿನ ಕಲ್ಲು ನೆಟ್ಟು ಬಿಳಿ ಸುಣ್ಣ ಬಳಿದಿದ್ದರು. ಉಳಿದದ್ದು ಇವರದೊಂದೇ. ಬಿಲ್ಡರ್ ನಕ್ಷೆ ಹಾಸಿ ಬೆರಳಿಟ್ಟು ತೋರಿಸಿದ್ದ: ರಸ್ತೆ ಹಾಯಬೇಕಾದದ್ದು ನೆಟ್ಟಗೆ ಬಾವಿಯ ಮೇಲೆ. ಬಾವಿ ಮುಚ್ಚಿದರೆ ಲೇಔಟ್, ಇಲ್ಲದಿದ್ದರೆ ಕಳ್ಳಿಗಿಡ. ಅಣ್ಣ ಚಿಕ್ಕಬೈರಪ್ಪ ನಕ್ಷೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಅಪ್ಪ ಎರಡು ಬೇಸಿಗೆ ಬೆವರು ಸುರಿಸಿ ತೋಡಿದ ಬಾವಿ ಕಣೋ. ನಾನಿರೋಗಂಟ ಮುಚ್ಚಲ್ಲ" ಎಂದ.

ಹಾಗೆಂದು ಅದರಲ್ಲಿ ನೀರಿತ್ತೆ? ಬತ್ತಿ ಆರು ವರ್ಷವಾಗಿತ್ತು. ಅರವತ್ತು ಅಡಿ ಕೆಳಗೆ ಬರೀ ಬಂಡೆ. ಕಟ್ಟೆಯೂ ಇಲ್ಲ, ಬಾಯಿಯ ಸುತ್ತ ಹಾಸಿದ ಚಪ್ಪಡಿಗಳಷ್ಟೆ. ಹೆಂಡತಿ ತೀರಿಕೊಂಡ, ಮಕ್ಕಳಿಲ್ಲದ ಆ ಮನುಷ್ಯ ದಿನಾ ಸಂಜೆ ಅದರ ಪಕ್ಕ ಕೂತು ಬೀಡಿ ಸೇದುತ್ತಿದ್ದ. ಆ ಒಣ ಗುಂಡಿಯ ಮುಂದೆ ಒಡಹುಟ್ಟಿದವನ ಬಾಳು ಅವನಿಗೆ ಕಾಣಲಿಲ್ಲ. ನಾನಿರೋಗಂಟ. ಎಂಟು ದಿನ ಆ ಒಂದು ಮಾತನ್ನು ನಂದಕುಮಾರ್ ಬಾಯಲ್ಲಿ ಅಡಿಕೆಯಂತೆ ಇಟ್ಟುಕೊಂಡು ತಿರುಗಿದ. ಒಂಬತ್ತನೆಯ ದಿನ ಅದು ಒಡೆಯಿತು. ಅಣ್ಣನೇ ದಾರಿ ಹೇಳಿಕೊಟ್ಟಿದ್ದ.

ಉಪಾಯ ಹೊಳೆದದ್ದು ಜಯನಗರದ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನಲ್ಲಿ. ಆಗ ಕಂಪ್ಯೂಟರ್ ಜಾತಕ ಹೊಸದು. ಹೆಂಡತಿ ಹೇಮಶ್ರೀಯ ಕಾಟಕ್ಕೆ ತನ್ನದೊಂದು ತೆಗೆಸಲು ಹೋಗಿದ್ದ. ಪ್ರಿಂಟರ್ ಕರಕರ ಎಂದು ಉಗುಳಿದ ಹಾಳೆಯಲ್ಲಿ ಗುರುವಿನ ಪಕ್ಕ ಕಂಸದೊಳಗೆ ಒಂದು 'ವ' ಇತ್ತು.

"ಇದೇನು?"

"ವಕ್ರ ಸಾರ್. ಗ್ರಹ ಹಿಂದಕ್ಕೆ ನಡೆಯೋದು. ನಿಜವಾಗ್ಲೂ ಹಿಂದಕ್ಕೆ ಹೋಗಲ್ಲ, ನಮ್ಮ ಕಣ್ಣಿಗೆ ಹಾಗೆ ಕಾಣುತ್ತೆ ಅಷ್ಟೆ. ಆದ್ರೆ ವಕ್ರಿಗೆ ಬಲ ಜಾಸ್ತಿ. ಫಲ ಎಲ್ಲ ಉಲ್ಟಾ ಕೊಡ್ತಾನೆ, ಹಳೇದೆಲ್ಲ ಕೆದಕ್ತಾನೆ" ಎಂದ ಅಂಗಡಿಯವನು. ಮೇಜಿನ ಮೇಲಿದ್ದ ಪಂಚಾಂಗ ತಿರುವಿ, ಈ ಸಲ ಆಷಾಢದ ಕೊನೆಯ ಶುಕ್ರವಾರ ಶನಿ ಮೀನದಲ್ಲಿ ವಕ್ರಿಯಾಗುತ್ತಾನೆ ಎಂದೂ ಹೇಳಿದ. ಅದು ತೊಂಬತ್ತೇಳನೆಯ ಇಸವಿ.

ನಂದಕುಮಾರ್‌ಗೆ ಅವ್ವನ ಪದ ನೆನಪಾಯಿತು. ಅವ್ವ ಗೌರಮ್ಮನ ತಾತ ಯುಗಾದಿಗೆ ಊರಿಗೆಲ್ಲ ಪಂಚಾಂಗ ಓದಿ ಹೇಳುತ್ತಿದ್ದವನು. ಅವನಿಂದ ಕಲಿತ ನವಗ್ರಹದ ಪದಗಳನ್ನು ಅವಳು ರಾಗಿ ಬೀಸುತ್ತಾ ಹಾಡುತ್ತಿದ್ದಳು. ಅಣ್ಣ ಕಲ್ಲಿನ ಎದುರು ಚಕ್ಕಳಮಕ್ಕಳ ಹಾಕಿ ಕೂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ನಂದಕುಮಾರ್ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದ.

ದೇವರ ಗೂಡಿನ ಹಿಂದಿನ ತಗಡಿನ ಪೆಟ್ಟಿಗೆಯಿಂದ ಅಣ್ಣನ ಜಾತಕ ತೆಗೆಯುವುದು ಕಷ್ಟವಾಗಲಿಲ್ಲ. ಅರಿಸಿನ ಹಚ್ಚಿದ ಅಂಚು, ಸತ್ತುಹೋದ ಜೋಯಿಸರ ಕೈಬರಹ. ಇಂಕನ್ನು ಟೀ ಡಿಕಾಕ್ಷನ್ ಹಾಕಿ ತೆಳುಮಾಡಿ, ಮದುವೆ ಕರೆಯೋಲೆಯೊಂದರ ಹಿಂಬದಿಯಲ್ಲಿ ಇಪ್ಪತ್ತು ಸಲ ಬರೆದು ಕೈ ಪಳಗಿಸಿಕೊಂಡ. ಕನ್ಯಾ ಮನೆಯಲ್ಲಿ ಶನಿಯಿದ್ದ. ಅದೇ ಮನೆಯಲ್ಲಿ ಸೂರ್ಯನೂ ಕೂತಿದ್ದರಿಂದ ಜಾಗ ಇಕ್ಕಟ್ಟು. ಅವನಿಗಿದ್ದ ಚಿಂತೆ ಅದೊಂದೇ. ಉಸಿರು ಬಿಗಿಹಿಡಿದು 'ಶ'ದ ಮಗ್ಗುಲಿಗೆ ಕಂಸ ಹಾಕಿ ಒಂದು ಪುಟ್ಟ 'ವ' ಕೂರಿಸಿದ. ಒಣಗಿದ ಮೇಲೆ ಜೋಯಿಸರೇ ಎದ್ದು ಬಂದರೂ ತಮ್ಮದೇ ಅಕ್ಷರ ಎನ್ನುವಂತಿತ್ತು.

ಅಣ್ಣನಿಗೆ ತೋರಿಸಿದ್ದು ಬಾವಿಯ ಬಳಿಯಲ್ಲೇ.

"ನಿನಗೆ ಹುಟ್ಟಿನಿಂದ್ಲೇ ಶನಿ ವಕ್ರ ಅಣ್ಣ. ಈಗ ಏಳನೇ ಮನೇಲಿ ಮತ್ತೆ ವಕ್ರ ಆಗ್ತಾವ್ನೆ. ಇಂಥೋರು ತಾವಾಗೇ ಬಾವಿಗೆ ಬೀಳ್ತಾರಂತೆ. ದೊಡ್ಡ ಜೋಯಿಸರನ್ನೇ ಕೇಳ್ಕೊಂಡ್ ಬಂದೆ. ಇನ್ನೊಬ್ರಿಗೆ ತೋರಿಸ್ಬೇಡಿ, ದೋಷ ಬಲಿಯುತ್ತೆ ಅಂದ್ರು."

ಚಿಕ್ಕಬೈರಪ್ಪ ಹಾಳೆಯನ್ನು ಬಹಳ ಹೊತ್ತು ನೋಡಿದ. ಬೀಡಿ ಬೆರಳ ತುದಿಯವರೆಗೆ ಉರಿದು ಬಂತು. "ಅವ್ವ ಇದ್ರ ಪದ ಹಾಡ್ತಿದ್ಲಲ್ಲೋ. ನೆನಪೈತಾ ನಿಂಗೆ?"

ನಂದಕುಮಾರ್ ಸಂತೋಷದಿಂದಲೇ ಹೇಳಿದ:

ಹಿಂದಕ್ಕೆ ನಡೆದಾನು ಶನಿರಾಯ, ನಡೆವಾಗ
ತಂದದ್ದನೆಲ್ಲ ತಿರುಗೊಯ್ದಾನು.

ಅಣ್ಣ ಇನ್ನೂ ಏನೋ ಕಾಯುವವನಂತೆ ಅವನ ಮುಖವನ್ನೇ ನೋಡಿದ. "ಅಷ್ಟೇನಾ?"

"ಅಷ್ಟೇ ಅಣ್ಣ. ಸಾಲದಾ?"

"ಸಾಕು ಬಿಡು" ಎಂದು ಚಿಕ್ಕಬೈರಪ್ಪ ಹಾಳೆ ಮಡಿಸಿದ. ಅವನು ಇನ್ನೊಂದು ಬೀಡಿ ಹಚ್ಚದೆ ಎದ್ದು ಹೋದದ್ದನ್ನು ನಂದಕುಮಾರ್ ಕಣ್ಣಾರೆ ಕಂಡ. ಆ ರಾತ್ರಿ ತಮ್ಮನಿಗೆ ಎಂದಿಲ್ಲದ ನಿದ್ದೆ ಬಂತು.

ಅಣ್ಣ ಸೊರಗತೊಡಗಿದ. ಗಡ್ಡ ಬಿಟ್ಟ, ಮಾತು ಬಿಟ್ಟ. ಟೀ ಅಂಗಡಿಯ ಹೊಳೆಪ್ಪನೇ ಒಮ್ಮೆ ಕೇಳಿದ: "ಏನ್ ಗುರು, ನಿಮ್ಮಣ್ಣ ಹಿಂಗಾಗವ್ರೆ? ಪ್ರೇತ ಕಂಡೋರಂಗೆ?"

"ಶನಿ ಕಾಟ ಹೊಳೆಪ್ಪ. ಎಲ್ಲಿ ಬಾವಿಗೀವಿಗೆ ಬೀಳ್ತಾನೋ ಅಂತ ನಂಗೇ ಭಯ" ಎಂದು ನಂದಕುಮಾರ್ ಕಣ್ಣೊರೆಸಿಕೊಂಡ. ಪೊಲೀಸರು ನಾಳೆ ಬಂದು ಕೇಳಿದರೆ ಹೊಳೆಪ್ಪ ಆ ಕಣ್ಣೀರನ್ನೂ ಸೇರಿಸಿ ಹೇಳುತ್ತಾನೆ. ಟೀ ಅಂಗಡಿಯವರಿಗೆ ಅಂಥದ್ದು ಮರೆಯುವುದಿಲ್ಲ.

ಪರಿಹಾರವನ್ನು ಅವನೇ ಕಟ್ಟಿದ. ಆ ಶುಕ್ರವಾರ ರಾಹುಕಾಲದಲ್ಲಿ, ಹತ್ತೂವರೆಯ ಮೇಲೆ, ಬಾವಿಯ ಬಾಯಂಚಿನ ಮೇಲೆ ಒಂಬತ್ತು ಸುತ್ತು. ಅದೂ ಹಿಂದುಹಿಂದಕ್ಕೆ ನಡೆಯುತ್ತಾ, ಶನಿ ನಡೆದ ಹಾಗೆಯೇ. ಹಿಂದಿರುಗಿ ನೋಡುವಂತಿಲ್ಲ. ಬರಿಗಾಲು. ಲೆಕ್ಕ ಹಾಕಲು ಒಡಹುಟ್ಟಿದವನೊಬ್ಬ ಇರಬೇಕು, ಬೇರೆ ನರಪಿಳ್ಳೆಗೂ ತಿಳಿಯಬಾರದು.

ದಿನವೂ ಹೇಳಿ ಮಾಡಿಸಿದ್ದು. ಆಷಾಢ ಶುಕ್ರವಾರದ ರಾಹುಕಾಲಕ್ಕೆ ಮನೆಯ ಹೆಂಗಸರೆಲ್ಲ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಹೋಗಿರುತ್ತಾರೆ. ಆ ಹೊತ್ತಿನಲ್ಲಿ ಕೂಲಿಯವರೂ ಕೆಲಸ ಮುಟ್ಟುವುದಿಲ್ಲ. ಪೂರ್ವ ದಿಕ್ಕಿನ ಮೂರನೆಯ ಚಪ್ಪಡಿಯ ಕೆಳಗಿನ ಮಣ್ಣನ್ನು ಅವನು ಮೂರು ದಿನ ಹಾರೆಯಲ್ಲಿ ಕೆರೆದು ತೆಗೆದಿದ್ದ. ನೋಡಲು ಉಳಿದ ಕಲ್ಲಿನಂತೆಯೇ ಇತ್ತು. ಹಿಮ್ಮಡಿ ಊರಿದರೆ ಮುಗಿಯಿತು. ಅಣ್ಣನ ಮೈ ಮುಟ್ಟುವ ಪಾಪವೂ ಇಲ್ಲ.

ತಾನು ಮಾತ್ರ ಊರಲ್ಲಿರಬಾರದು. ಗುರುವಾರ ಸಂಜೆ ತಿರುನಳ್ಳಾರಿನ ಶನಿದೇವರಿಗೆ ಅಣ್ಣನ ಹೆಸರಲ್ಲಿ ಎಣ್ಣೆ ಸೇವೆಗೆಂದು ಬಸ್ಸು ಹತ್ತಿದ. ಅವ್ವ ಹಣೆಗೆ ಕುಂಕುಮವಿಟ್ಟಳು. ಹೇಮಶ್ರೀ ಮೆಜೆಸ್ಟಿಕ್‌ವರೆಗೆ ಬಂದು ಬಸ್ಸಿನಲ್ಲಿ ಕೂರಿಸಿದಳು. "ಅಲ್ಲಿಂದ ಇನ್ನೂ ನಾಲ್ಕು ಕ್ಷೇತ್ರ ನೋಡ್ಬೇಕು. ಫೋನ್ ಗೀನ್ ಕಾಯ್ಬೇಡಿ" ಎಂದಿದ್ದ. ಹೊಸೂರಿನಲ್ಲಿ ಇಳಿದು, ಸುಳ್ಳು ಹೆಸರಲ್ಲಿ ರೂಮು ಮಾಡಿ ಮಲಗಿ, ಬೆಳಿಗ್ಗೆ ತಲೆಗೆ ಟವೆಲ್ ಸುತ್ತಿಕೊಂಡು ವಾಪಸಾದ. ಅವನು ಕೋಣನಕುಂಟೆಯಲ್ಲಿ ಇದ್ದಾನೆಂದು ತಿಳಿದಿದ್ದವನು ಜಗತ್ತಿನಲ್ಲಿ ಒಬ್ಬನೇ. ಆ ಒಬ್ಬನೂ ಹನ್ನೆರಡರ ಹೊತ್ತಿಗೆ ಇರುವುದಿಲ್ಲ.

ಚಿಕ್ಕಬೈರಪ್ಪ ಆಗಲೇ ಬಾವಿಯ ಬಳಿ ಬರಿಗಾಲಲ್ಲಿ ನಿಂತಿದ್ದ. ಗಡ್ಡ ಬೋಳಿಸಿದ್ದ.

"ನಂದಾ, ಒಂದ್ಮಾತು. ಈ ಬಾವಿ ಮುಚ್ಚಿಸಿಬಿಡೋಣ ಅಂತ ಮನಸು ಮಾಡ್ದೆ. ಹತ್ತು ಲೋಡು ಮಣ್ಣು ಹೇಳಿದೀನಿ, ರಾಹುಕಾಲ ಕಳೆದ ತಕ್ಷಣ ಟ್ರ್ಯಾಕ್ಟ್ರು ಬತ್ತವೆ. ನಿನ್ನ ಬಿಲ್ಡರ್ ಎಲ್ಲಿ ಅಂತಾನೋ ಅಲ್ಲಿ ರುಜು ಹಾಕ್ತೀನಿ." ಸ್ವಲ್ಪ ತಡೆದು ಕೇಳಿದ: "ಇನ್ನೂ ಸುತ್ತಬೇಕೇನೋ?"

ನಂದಕುಮಾರ್ ಬೇಡ ಎಂದರೆ ಸಾಕಿತ್ತು. ಆದರೆ ರುಜು ಹಾಕಿದವನಿಗೆ ಅರ್ಧ ಪಾಲು ಕೊಡಬೇಕು. ಸತ್ತವನಿಗೆ ಪಿಂಡ ಸಾಕು. "ಹಿಡಿದ ವ್ರತ ಬಿಡಬಾರದು ಅಣ್ಣ" ಎಂದ, ಮೆಲ್ಲಗೆ. "ಸುತ್ತು."

"ಸರಿ ಕಣಪ್ಪ" ಎಂದ ಅಣ್ಣ. ಅವನ ಮುಖದಲ್ಲಿ ಏನೋ ಆರಿಹೋಯಿತು. ಭಯ ಎಂದುಕೊಂಡ ನಂದಕುಮಾರ್.

ಹಿಂದುಹಿಂದಕ್ಕೆ ಒಂದು ಸುತ್ತು, ಎರಡು, ಮೂರು. ಪ್ರತಿ ಸಲವೂ ಆ ಮೂರನೆಯ ಚಪ್ಪಡಿಯ ಬಳಿ ಬಂದಾಗ ಅಣ್ಣನ ಹೆಜ್ಜೆ ಒಂದಿಷ್ಟು ಉದ್ದವಾಗಿ ಅದನ್ನು ದಾಟಿಬಿಡುತ್ತಿತ್ತು. ಮುಟ್ಠಾಳನ ಅದೃಷ್ಟ! ಎಂಟನೆಯದೂ ಹಾಗೇ ದಾಟಿತು. ಒಂಬತ್ತನೆಯದರಲ್ಲಿ ಚಪ್ಪಡಿಗೆ ಒಂದೇ ಹೆಜ್ಜೆ ಇರುವಾಗ ಚಿಕ್ಕಬೈರಪ್ಪ ತೂರಾಡಿ ನಿಂತು ತೋಳು ಚಾಚಿದ.

"ತಲೆ ಸುತ್ತುತ್ತೆ ಕಣೋ. ಕೈ ಕೊಡು."

ಮುಟ್ಟಬಾರದೆಂಬ ತನ್ನದೇ ಕಟ್ಟಳೆಯನ್ನು ನಂದಕುಮಾರ್ ಆ ಕ್ಷಣ ಮುರಿದ. ಒಂದು ಸಣ್ಣ ನೂಕು, ಅಷ್ಟೆ. ಕೈ ಕೊಟ್ಟ. ಮೂವತ್ತು ವರ್ಷ ನೇಗಿಲು ಹಿಡಿದ ಮುಷ್ಟಿ ಅವನ ಮಣಿಕಟ್ಟನ್ನು ಸುತ್ತಿಕೊಂಡು, ಎಳೆಗರುವನ್ನು ಗೂಟದ ಸುತ್ತ ತಿರುಗಿಸುವಂತೆ ಸರಕ್ಕನೆ ತಿರುಗಿಸಿ ನಿಲ್ಲಿಸಿತು. ನಂದಕುಮಾರ್‌ನ ಹಿಮ್ಮಡಿಯ ಕೆಳಗೆ ಆ ಮೂರನೆಯ ಚಪ್ಪಡಿ ಅಲುಗಿತು.

"ಅಣ್ಣ... ಅಣ್ಣ, ಹಿಡ್ಕೋ..." ಎಂದ ನಂದಕುಮಾರ್. "ಹಿಡ್ಕೊಂಡಿದೀನಿ ಕಣೋ" ಎಂದ ಚಿಕ್ಕಬೈರಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ರಾಗಿಕಲ್ಲಿನ ಎದುರು ಕೂತವನ ದನಿ ಅದು. "ಊರೆಲ್ಲ ನಿನ್ನ ತಿರುನಳ್ಳಾರಲ್ಲಿ ಹುಡುಕ್ತಾರೆ, ಪಾಪ. ಅವ್ವ ಹಾಡುವಾಗ ಮೊದಲೆರಡು ಸಾಲಿಗೇ ನನ್ನ ತೊಡೆ ಮೇಲೆ ನಿದ್ದೆ ಹೋಗ್ಬಿಡ್ತಿದ್ದೆ ನೀನು. ಉಳಿದದ್ದು ಕೇಳು: ಅಪ್ಪ ಸೂರ್ಯನ ಮಗ್ಗುಲಲ್ಲಿ ಕುಂತಾಗ, ತಪ್ಪಿಯೂ ಹೆಜ್ಜೆ ತಿರುವಾನೆ? ಸೂರ್ಯ ದೂರ ಇದ್ದಾಗ್ಲೇ ಕಣೋ ಶನಿ ವಕ್ರ ಆಗೋದು. ನನ್ನ ಜಾತಕದಲ್ಲಿ ಅಪ್ಪ ಮಗ ಒಂದೇ ಮನೇಲವ್ರೆ. ಅಲ್ಲಿ ಆ 'ವ' ಬರೆಯೋಕೆ ಯಾವ ಜೋಯಿಸನ ಕೈಯೂ ಏಳಲ್ಲ." ಕನಕಪುರ ರಸ್ತೆಯ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಚಿಕ್ಕಬೈರಪ್ಪ ಕೈ ಬಿಟ್ಟ.