ಸೇತುವೆಯ ಮೇಲೆ ತಿರುಗಿ ನಿಂತದ್ದು

ದೆವ್ವ ಅನ್ನಬೇಡಿ, ಇದು ನನ್ನ ಹೆಂಡತಿ ಹಂಸಾಳ ವಿಷಯ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನಾನು ಡಾಕ್ಟರಾಗಿದ್ದಾಗ, ಹಳೆಯ ಚರ್ಚಿನ ಪಕ್ಕದ ಕಲ್ಲುಸೇತುವೆಯ ಮೇಲೆ ನಾವಿಬ್ಬರೂ ದಿನಾ ಅಡ್ಡಾಡುತ್ತಿದ್ದೆವು. ಅವಳ ಕೊನೆಯಾಸೆಯಂತೆ ಈ ಬೇಸಿಗೆಯಲ್ಲಿ ಮಗಳು ಇಶಾಳೊಂದಿಗೆ ಹೋಗಿ ಹಂಸಾಳ ಅಸ್ಥಿಯನ್ನು ಅಲ್ಲಿಯ ಹೊಳೆಗೆ ಬಿಟ್ಟೆ. ಬಿಟ್ಟ ಮೇಲೆ ಹಿಂತಿರುಗಿ ನೋಡಬಾರದು. ಆದರೆ ಮಂಡಿನೋವಿನ ಹಂಸಾ ಯಾವಾಗಲೂ ಹಿಂದೆ ಉಳಿಯುತ್ತಿದ್ದಳು. ಅದೇ ಅಭ್ಯಾಸದಲ್ಲಿ ಸೇತುವೆಯ ನಡುವೆ ತಿರುಗಿ ನಿಂತು, "ಬಾರೇ" ಎಂದುಬಿಟ್ಟೆ.

ಈಗ ನಾವಿರುವ ಅಮೆರಿಕದ ಟೆಕ್ಸಾಸಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ನಮ್ಮೂರು ಕಾಪೆಲ್‌ನ ಸುಡುಬಿಸಿಲಲ್ಲಿ ಕಾರು ಹತ್ತಿದೆವು. ಮುಂದಿನ ಸೀಟು ಅಮ್ಮನದೆಂದು ಇಶಾ ಹಿಂದೆ ಕೂತಳು. ಒಳಗೆ ಹೊಳೆಯ ಪಾಚಿಯ ವಾಸನೆ, ಥಂಡಿ. ಹೊರಟ ಕೂಡಲೇ ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕದಿದ್ದರೆ ಬರುವ ಗಂಟೆ ಹೊಡೆದುಕೊಳ್ಳತೊಡಗಿತು.

"ಅಪ್ಪಾ, ಆ ಸೀಟ್ ಖಾಲಿ ಇದೆಯಲ್ಲಾ?"

ಕಾರು ನಿಲ್ಲಿಸಿ ಆ ಸೀಟಿನ ಬೆಲ್ಟ್ ಹಾಕಿದೆ. ಸದ್ದು ನಿಂತಿತು.

ಬೆಲ್ಟ್ ಮಾತ್ರ ಸೀಟಿಗೆ ತಾಗಲಿಲ್ಲ. ಹಂಸಾಳ ಮೈಯಷ್ಟು ಮುಂದಕ್ಕೆ ಉಬ್ಬಿ ನಿಂತಿತು.