ಸ್ಟಾಪ್ ಲಾಸ್ ತೆಗೆದ ಕೈ

"ಇದರಲ್ಲಿ ಬೆಲೆ ಎಲ್ಲಿದೆ ರೀ?"

ನಾನು ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಪಕ್ಕದ ಕುರ್ಚಿಯವನ ಸ್ಕ್ರೀನ್ ತುಂಬ ಬಣ್ಣಬಣ್ಣದ ಗೆರೆಗಳು. ಆರ್‌ಎಸ್‌ಐ, ಎಂಎಸಿಡಿ, ಬೋಲಿಂಜರ್ ಬ್ಯಾಂಡ್, ಬೆಲೆಯ ಏರಿಳಿತ ಊಹಿಸುವ ಇನ್ನೂ ಏನೇನೋ ಇಂಡಿಕೇಟರ್‌ಗಳು. ಅವುಗಳ ಸಂದಿಯಲ್ಲಿ ಷೇರಿನ ಬೆಲೆ ಉಸಿರುಗಟ್ಟಿ ಬಿದ್ದಿತ್ತು.

"ಇದೆ, ಹುಡುಕಿ," ಎಂದು ತಲೆ ಎತ್ತಿದ. ಎತ್ತಿದವನು ಇಳಿಸುವುದನ್ನು ಮರೆತ.

"ಸ್ಕ್ರೀನ್ ಆ ಕಡೆ ಇದೆ," ಎಂದೆ.

ಅವನ ಕಿವಿ ಕೆಂಪಾಯಿತು. ಅಂದೇ ನಾನು ಅವನಿಗೆ ದೀಪಾಲಂಕಾರ ಎಂದು ಹೆಸರಿಟ್ಟೆ. ನನ್ನ ಚಾರ್ಟಿನಲ್ಲಿ ಎರಡೇ ಗೆರೆ ಕಂಡು ಅವನು ನನ್ನನ್ನು ಎರಡುಗೆರೆ ಮೇಡಂ ಎನ್ನತೊಡಗಿದ.

ನನ್ನ ಒಂದು ಗೆರೆ ಇಪ್ಪತ್ತು ದಿನದ ಸರಾಸರಿ ಬೆಲೆ, ಇನ್ನೊಂದು ಐವತ್ತು ದಿನದ್ದು. ಚಿಕ್ಕ ಸರಾಸರಿ ದೊಡ್ಡದನ್ನು ದಾಟಿ ಮೇಲೆ ಹೋದರೆ ಕೊಳ್ಳಬೇಕು. ಕೊಂಡ ಕೂಡಲೇ ಕೆಳಗೊಂದು ಸ್ಟಾಪ್ ಲಾಸ್ ಆರ್ಡರ್ ಹಾಕಬೇಕು. ಬೆಲೆ ಅಲ್ಲಿಗೆ ಕುಸಿದರೆ ಷೇರು ತಾನಾಗಿಯೇ ಮಾರಿಹೋಗುತ್ತದೆ. ನನ್ನ ನಿಯಮ ಅಷ್ಟೇ.

ಆ ಟ್ರೇಡಿಂಗ್ ಆಫೀಸಿನ ಒಡತಿಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಹೊಸಬರಿಗೆ ಅವರು ಆಫೀಸಿನ ಹಣ ಕೊಟ್ಟು ಪರೀಕ್ಷೆಗೆ ಕೂರಿಸುತ್ತಿದ್ದರು. "ಲಾಭ ಮಾರ್ಕೆಟ್ ಕೈಯಲ್ಲಿದೆ, ನಿಯಮ ನಿನ್ನ ಕೈಯಲ್ಲಿದೆ. ನಾನು ನೋಡೋದು ನಿನ್ನ ಕೈಯನ್ನ," ಎಂದಿದ್ದರು. ಗೆದ್ದರೆ ಕಾಯಂ ಕುರ್ಚಿ, ಇಲ್ಲವಾದರೆ ಅಣ್ಣನ ಪೇಂಟ್ ಅಂಗಡಿ. "ಆಗ್ಲಿಲ್ಲ ಅಂದ್ರೆ ಬಂದ್ಬಿಡೇ, ಕೌಂಟರ್ ಖಾಲಿ ಇಟ್ಟಿದೀನಿ," ಎಂದು ಅಣ್ಣ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ. ಆ ಪ್ರೀತಿಗೆ ಹೆದರಿಯೇ ನಾನು ಹಟಕ್ಕೆ ಬಿದ್ದಿದ್ದೆ.

"ನಿಮ್ಮ ಸರಾಸರಿ ಯಾವಾಗ್ಲೂ ಲೇಟು ರೀ," ದೀಪಾಲಂಕಾರ ಕಾಡಿಸುತ್ತಿದ್ದ. "ಮದುವೆ ಮುಗಿದು ಪೆಂಡಾಲ್ ಬಿಚ್ಚುವಾಗ ಬರೋ ನೆಂಟರ ಥರ."

"ಲೇಟಾದ್ರೂ ಸುಳ್ಳು ಕಡಿಮೆ ಹೇಳತ್ತೆ. ನಿಮ್ಮವು ಒಂದೊಂದೂ ಒಂದೊಂದು ರಾಗ ಹಾಡ್ತವೆ."

"ಎಲ್ಲಾ ಒಂದೇ ರಾಗ ಹಾಡೋವರೆಗೂ ಕಾಯ್ತೀನಿ. ಕಾಯೋದ್ರಲ್ಲಿ ನಾನು ನಿಸ್ಸೀಮ."

ಹೀಗೆಂದು ನನ್ನನ್ನು ನೋಡಿ, ತಟ್ಟನೆ ಕೀಬೋರ್ಡಿನ ಧೂಳು ಒರೆಸತೊಡಗುತ್ತಿದ್ದ. ಮಧ್ಯಾಹ್ನ ಬಿಸಿಲು ನನ್ನ ಸ್ಕ್ರೀನಿಗೆ ಬೀಳುವ ಮುಂಚೆಯೇ ಎದ್ದು ಕಿಟಕಿಯ ಪರದೆ ಎಳೆಯುತ್ತಿದ್ದ. ಅವನ ಮೇಲೆ ನನಗೆ ಮನಸ್ಸಾಗಿತ್ತು, ಮುಚ್ಚಿಡುವುದೇನಿದೆ? ಆದರೆ ಕುರ್ಚಿ ಸಿಗುವ ತನಕ ಬಾಯಿ ಬಿಡಬಾರದೆಂದು ನಿರ್ಧರಿಸಿದ್ದೆ.

ಪರೀಕ್ಷೆಯ ಕೊನೆಯ ಟ್ರೇಡ್ ನಡೆಯುತ್ತಿದ್ದಾಗ ಅಣ್ಣನ ಫೋನ್ ಬಂತು. ಸ್ಕ್ರೀನ್ ತೆರೆದೇ ಬಿಟ್ಟು ಮಾತಾಡಲು ಕಾರಿಡಾರಿಗೆ ಹೋದೆ. ವಾಪಸ್ ಬಂದಾಗ ಅಕ್ಕಪಕ್ಕದವರು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಷೇರು ಪಾತಾಳಕ್ಕೆ ಬಿದ್ದು, ಪುಟಿದೆದ್ದು, ಒಳ್ಳೆಯ ಲಾಭದಲ್ಲಿ ನಿಂತಿತ್ತು.

ನನಗೆ ಖುಷಿಯಾಗಲಿಲ್ಲ. ಅಷ್ಟು ಕೆಳಗೆ ಹೋಗಿದ್ದರೆ ನನ್ನ ಸ್ಟಾಪ್ ಲಾಸ್ ತಗುಲಿ ಷೇರು ಮಾರಿಹೋಗಿರಬೇಕಿತ್ತು. ಆರ್ಡರ್‌ಗಳನ್ನು ತೆರೆದು ನೋಡಿದರೆ ಅದು ರದ್ದಾಗಿತ್ತು.

"ನಾನೇ ತೆಗೆದೆ," ಪಕ್ಕದಿಂದ ಮೆಲ್ಲಗೆ ದನಿ ಬಂತು. "ಆರ್‌ಎಸ್‌ಐ ಮೂವತ್ತರ ಕೆಳಗೆ ಹೋಗಿತ್ತು. ವಿಪರೀತ ಬಿದ್ದಿದೆ, ಇನ್ನು ಏಳತ್ತೆ ಅನ್ನಿಸ್ತು. ನೀವು ಇರ್ಲಿಲ್ಲ. ನಿಮ್ಮ ಕುರ್ಚಿ ಹೋಗತ್ತೆ ಅಂತ ಕೈಕಾಲು ಆಡ್ಲಿಲ್ಲ."

"ಕೈ ಚೆನ್ನಾಗೇ ಆಡಿದೆಯಲ್ಲ!"

"ಲಾಭ ಬಂತಲ್ರೀ..."

"ಬಂತು. ನನ್ನದಲ್ಲ ಅದು."

ಮೈಯೆಲ್ಲ ಉರಿಯುತ್ತಿತ್ತು. ಸುಮ್ಮನಿದ್ದರೆ ಕುರ್ಚಿ ನನ್ನದು. ಹೇಳಿದರೆ ಪರೀಕ್ಷೆ ಮಣ್ಣುಪಾಲು, ಅವನ ಕೆಲಸವೂ ಹೋಗುತ್ತದೆ. ಇನ್ನೊಬ್ಬರ ಆರ್ಡರ್ ಮುಟ್ಟಿದವರನ್ನು ದೊಡ್ಡಮ್ಮ ಇಟ್ಟುಕೊಳ್ಳುತ್ತಿರಲಿಲ್ಲ. ಆದರೂ ಎದ್ದು ದೊಡ್ಡಮ್ಮನ ಕೋಣೆಗೆ ಹೋದೆ.

"ಈ ಟ್ರೇಡ್ ಲೆಕ್ಕಕ್ಕೆ ಹಿಡೀಬೇಡಿ ದೊಡ್ಡಮ್ಮ. ನನ್ನ ಸ್ಟಾಪ್ ಲಾಸ್ ರದ್ದಾಗಿತ್ತು. ಲಾಭ ನನ್ನ ನಿಯಮದ್ದಲ್ಲ."

"ಯಾರು ತೆಗೆದಿದ್ದು?"

ಅಷ್ಟರಲ್ಲಿ ಬಾಗಿಲಲ್ಲಿ ಅವನು ಬಂದು ನಿಂತ. "ನಾನು. ಅವರಿಗೆ ಗೊತ್ತೇ ಇರ್ಲಿಲ್ಲ."

ದೊಡ್ಡಮ್ಮ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ಅವನು ಅಂದೇ ಕುರ್ಚಿ ಬಿಡಬೇಕಾಯಿತು. ನನ್ನ ಪರೀಕ್ಷೆ ಮತ್ತೆ ಮೊದಲಿನಿಂದ ಶುರು.

ಮೆಟ್ಟಿಲ ಹತ್ತಿರ ಅವನನ್ನು ಅಡ್ಡಗಟ್ಟಿದೆ.

"ನಿಮಗೆ ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?"

"ಪ್ರೀತಿ ಇತ್ತು," ಎಂದ ಅವನು, ನೆಲ ನೋಡುತ್ತ. "ಹೇಳೋಕೆ ಸಿಗ್ನಲ್ ಕಾಯ್ತಾ ಇದ್ದೆ. ಇವತ್ತು ಎಲ್ಲಾ ಗೆರೆಗಳೂ ಕೆಳಗಡೆಗೇ ತೋರಿಸ್ತಿವೆ. ಆದ್ರೂ ಹೇಳ್ತಿದೀನಿ."

ಸಿಟ್ಟು ಇಳಿದಿರಲಿಲ್ಲ. ಆದರೂ "ನನಗೂ ಇಷ್ಟಾನೇ," ಎಂದೆ. "ಆದ್ರೆ ನಾನು ಬೀಳೋದನ್ನ ನೋಡ್ಕೊಂಡು ನಿಲ್ಲೋಕೆ ಆಗಲ್ಲ ಅನ್ನೋರ ಜೊತೆ ನಾನು ಬದುಕಲಾರೆ. ನಮ್ಮಣ್ಣನೇ ಸಾಕು ಅದಕ್ಕೆ. ನಿಲ್ಲೋದು ಕಲೀರಿ, ಆಮೇಲೆ ನೋಡೋಣ."

ಅವನು ಕಲಿಯಲು ಬಂದೇ ಬಿಟ್ಟ. ಬೆಳಗ್ಗೆ ಮನೆಯಲ್ಲಿ ತನ್ನ ಟ್ರೇಡ್ ಮುಗಿಸಿ, ಮಧ್ಯಾಹ್ನ ಆಫೀಸಿನ ಸೋಫಾದಲ್ಲಿ ಹಾಜರ್. "ಕೂರಬಹುದು. ಕೀಬೋರ್ಡ್ ಹತ್ತಿರ ಸುಳಿದ್ರೆ ಕಾಲು ಮುರೀತೀನಿ," ಎಂದು ದೊಡ್ಡಮ್ಮ ಅಪ್ಪಣೆ ಕೊಟ್ಟಿದ್ದರು.

ಎರಡನೇ ಪರೀಕ್ಷೆಯ ಕೊನೆಯ ಟ್ರೇಡ್ ಕೂಡ ಜಾರತೊಡಗಿತು. ನನ್ನ ಕೈ ಬೆವರಿತು. ಸ್ಟಾಪ್ ಲಾಸನ್ನು ಒಂಚೂರು ಕೆಳಗಿಡು ಎಂದು ಮನಸ್ಸು ಗೋಗರೆಯಿತು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಹಿಂದೆ ಉಸಿರು ಕೇಳಿಸಿತು. ಅವನು ಎದ್ದು ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

"ಆರ್‌ಎಸ್‌ಐ ಎಷ್ಟಿದೆ?" ಕೇಳಿದೆ.

"ಕೇಳ್ಬೇಡಿ."

"ಏಳತ್ತೆ ಅನ್ಸತ್ತಾ?"

"ಏಳತ್ತೆ," ಎಂದ. "ಆದ್ರೆ ನಿಯಮ ನಿಮ್ಮದು."

ಸ್ಟಾಪ್ ಲಾಸ್ ತಗುಲಿತು. ಷೇರು ನಷ್ಟಕ್ಕೆ ಮಾರಿಹೋಯಿತು. ನಾವು ನೋಡುತ್ತಿದ್ದಂತೆಯೇ ಬೆಲೆ ಅಲ್ಲಿಂದ ಜಿಗಿದು ಮೇಲೇರತೊಡಗಿತು. ಅವನು ಹೇಳಿದ್ದೇ ಸರಿಯಾಗಿತ್ತು. ಅವನು ತುಟಿ ಕಚ್ಚಿಕೊಂಡು ನಿಂತಿದ್ದ.

ದೊಡ್ಡಮ್ಮ ಬಂದು ನನ್ನ ಸ್ಕ್ರೀನ್ ನೋಡಿದರು. "ಹೊಟ್ಟೆ ಉರೀತಿದೆಯಾ?"

"ತುಂಬಾ."

"ಆದ್ರೂ ಮುಟ್ಲಿಲ್ಲ. ನಾಳೆಯಿಂದ ಈ ಕುರ್ಚಿ ನಿನ್ನದು ಕಣೇ," ಎಂದು ಬೆನ್ನು ತಟ್ಟಿ ಹೋದರು.

ನಾನು ತಿರುಗಿದೆ. ಅವನು ಇನ್ನೂ ಕೈ ಕಟ್ಟಿಕೊಂಡೇ ನಿಂತಿದ್ದ, ಕಣ್ಣು ಒದ್ದೆಯಾಗಿತ್ತು.

"ಆ ಕೈ ಈಚೆ ತೆಗೀರಿ," ಎಂದೆ.

ತೆಗೆದ. ಅದು ನನ್ನ ಕೈಗಿಂತ ಹೆಚ್ಚು ಬೆವರಿತ್ತು. ಗಟ್ಟಿಯಾಗಿ ಹಿಡಿದುಕೊಂಡೆ, ಇಡೀ ಆಫೀಸು ನೋಡುತ್ತಿರುವಾಗಲೇ.