ಕಸದ ಗುಡ್ಡೆಯಾಚೆಯ ಚಿತ್ರಕಾರ

ನನ್ನ ಲಾಂಡ್ರಿಯ ಬಾಗಿಲಿಗೆ ಎದುರಾಗಿ, ಚರಂಡಿಯ ಪಕ್ಕ, ಒಂದು ಕಸದ ಗುಡ್ಡೆ. ಕೊಳೆತ ಎಲೆಕೋಸು, ಮೀನಿನ ತಲೆ, ಯಾರದೋ ಮಗುವಿನ ಡೈಪರ್. ಹನ್ನೆರಡು ದಿನದಿಂದ ಕಸದ ಲಾರಿ ಬಂದಿರಲಿಲ್ಲ. ಬಿಸಿಲೇರಿದರೆ ಗುಡ್ಡೆಯಿಂದ ಕಂದು ನೀರು ಇಳಿದು ನನ್ನ ಮೆಟ್ಟಿಲವರೆಗೆ ಹರಿಯುತ್ತಿತ್ತು.

ಆ ಗುಡ್ಡೆಯಾಚೆ, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ, ಹೆಚ್ಚುಕಡಿಮೆ ಅಷ್ಟೇ ದಿನದಿಂದ ಒಬ್ಬ ಚಿತ್ರಕಾರ ಬಂದು ಕೂರುತ್ತಿದ್ದ. ತೊಡೆಯ ಮೇಲೆ ಟ್ಯಾಬ್ಲೆಟ್, ಕೈಯಲ್ಲಿ ಅದರ ಪೆನ್ನು, ಮೂಗಿಗೆ ಕರ್ಚೀಫು. ಕರ್ಚೀಫಿನ ಮೇಲೆ ಕಾಣುತ್ತಿದ್ದ ಕಣ್ಣುಗಳು ಮಾತ್ರ ಬಹಳ ಚೆನ್ನಾಗಿದ್ದವು. ಇಸ್ತ್ರಿ ಮಾಡುತ್ತಾ ನಾನು ತಲೆಯೆತ್ತಿದರೆ ಥಟ್ಟನೆ ಕೆಳಗಿಳಿಯುತ್ತಿದ್ದವು. ನನಗೂ ಹಿಡಿಸಿದ್ದ, ಸುಳ್ಳೇಕೆ ಹೇಳಲಿ?

"ಇಲ್ಲಿ ಏನಿದೆ ಅಂತ ಬರೀತೀರಾ?" ಎಂದು ಮೂರನೇ ದಿನ ಕೇಳಿದ್ದೆ.

"ಇದು ಬರೀ ತಯಾರಿ ಕಣ್ರೀ. ಯಾವುದು ಎಲ್ಲಿರಬೇಕು, ನೆರಳು ಎಷ್ಟಿರಬೇಕು ಅಂತ ಇದರಲ್ಲೇ ನೋಡ್ಕೋತೀನಿ. ಬೇಕಾದ್ರೆ ಆ ದೀಪದ ಕಂಬಾನ ಬೆರಳಲ್ಲೇ ಅತ್ತ ಸರಿಸಬಹುದು. ಆಮೇಲೆ ಮನೇಲಿ ದೊಡ್ಡ ಕ್ಯಾನ್ವಾಸಿಗೆ ಆಯಿಲ್ ಬಣ್ಣ."

"ಹಾಗಾದ್ರೆ ಈ ಗುಡ್ಡೇನೂ ಸರಿಸ್ರೀ, ಪುಣ್ಯ ಬರುತ್ತೆ."

"ಅಯ್ಯೋ, ಗುಡ್ಡೇನೇ ಈ ಚಿತ್ರದ ಜೀವ! ನಾನು ಬರೀತಿರೋದೇ ಅದನ್ನ," ಎಂದವನು ಕಿವಿಯವರೆಗೆ ಕೆಂಪಾಗಿದ್ದ.

ಹನ್ನೆರಡನೇ ದಿನ ಹೋಟೆಲಿನ ಮ್ಯಾನೇಜರ್ ಬಂದು, ನಾನು ಒಗೆದು ಕಳಿಸಿದ್ದ ಬೆಡ್‌ಶೀಟ್‌ಗಳ ಗಂಟನ್ನು ಮೇಜಿನ ಮೇಲೆ ಎಸೆದ. "ಮೂಸಿ ನೋಡಮ್ಮ. ಇನ್ನೊಂದ್ಸಲ ಹೀಗಾದ್ರೆ ಬೇರೆ ಲಾಂಡ್ರಿ ನೋಡ್ಕೋತೀವಿ."

ಮೂಸಿದೆ. ಸೋಪಿನ ವಾಸನೆಯ ಅಡಿಯಲ್ಲಿ ಮೀನು. ಆ ಹೋಟೆಲು ಕೈಬಿಟ್ಟರೆ ನಾನು ಅಂಗಡಿಗೆ ಬೀಗ ಹಾಕಬೇಕಿತ್ತು.

ಮರುದಿನ ಬೆಳಿಗ್ಗೆ ಬೀದಿಯ ಮೂಲೆಯಲ್ಲಿ ಕಸದ ಲಾರಿ ಕಂಡಿತು. ಓಡಿಹೋಗಿ ಅಡ್ಡ ನಿಂತೆ.

"ನಮ್ಮ ಕಸ ಯಾಕಣ್ಣಾ ಎತ್ತುತ್ತಿಲ್ಲ?"

"ಆ ಪೇಂಟರ್ ಸಾರೇ ಬೇಡ ಅಂದಿದ್ದು ಅಕ್ಕಾ," ಎಂದ ಡ್ರೈವರ್. "ಚಿತ್ರ ಮುಗಿಯೋವರೆಗೂ ಗುಡ್ಡೆ ಮುಟ್ಟಬೇಡಿ, ಲಾಂಡ್ರಿಯವರೂ ಒಪ್ಪಿದ್ದಾರೆ ಅಂದ್ರು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ಮೈಯೆಲ್ಲ ಉರಿದುಹೋಯಿತು. ಸೀದಾ ಕಟ್ಟೆಗೆ ಹೋಗಿ ಚಿತ್ರಕಾರನ ಕೈಯಿಂದ ಟ್ಯಾಬ್ಲೆಟ್ ಕಿತ್ತುಕೊಂಡೆ. ಅದರಲ್ಲಿ ಬೀದಿ ಇತ್ತು, ಚರಂಡಿ ಇತ್ತು, ಬಾಗಿಲಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದ ನಾನಿದ್ದೆ. ಗುಡ್ಡೆ ಇರಲಿಲ್ಲ.

"ಕಸ ಎಲ್ಲಿ?"

"ಅಳಿಸಿದೆ... ಎರಡನೇ ದಿನಾನೇ."

"ನೀನು ಒಂದು ಬೆರಳಲ್ಲಿ ಅಳಿಸಿಬಿಟ್ಟೆ, ನಾನು ಇಷ್ಟು ದಿನ ಮೂಸ್ತಾ ಕೂತಿದ್ದೀನಿ!" ಕೋಪಕ್ಕೆ ಬಹುವಚನ ಹಾರಿಹೋಗಿತ್ತು. "ಚಿತ್ರಕ್ಕೇ ಬೇಡದ ಕಸ ನಿನಗ್ಯಾಕೆ ಬೇಕಿತ್ತು?"

ಅವನು ಮೆಲ್ಲಗೆ ಕರ್ಚೀಫು ಬಿಚ್ಚಿದ. "ಗುಡ್ಡೆ ಬರೀತಿದ್ದೀನಿ ಅಂತ ನಿಮಗೆ ಹೇಳಿಬಿಟ್ಟಿದ್ದೆ. ಅದು ಹೋದ್ರೆ ನಿಮ್ಮ ಎದುರು ಕೂರೋಕೆ ನನಗೆ ನೆಪ ಇರ್ತಿರಲಿಲ್ಲ."

"ಥೂ! ಪ್ರೀತಿ ಹೇಳೋಕೆ ಜನ ಹೂವು ತರ್ತಾರೆ. ನೀನು ಮೀನಿನ ತಲೆ ಕೊಳೆಸಿದ್ದೀಯ!"

ಅಸಹ್ಯವಾಯಿತು. ಅವನ ಮೇಲೆ ಅಷ್ಟಿಷ್ಟಲ್ಲ, ನೆಪದ ಆ ಮಾತಿಗೆ ಒಳಗೊಳಗೇ ಹಿಗ್ಗಿದ ನನ್ನ ಮೇಲೆ ಇನ್ನೂ ಹೆಚ್ಚು.

ಡ್ರೈವರನ ಸಲಿಕೆ ಇಸಿದುಕೊಂಡು ಅವನ ಕೈಗಿಟ್ಟೆ. ಕಸ ಎತ್ತಿ ಲಾರಿಗೆ ತುಂಬತೊಡಗಿದ. ನಡುನಡುವೆ ಎರಡು ಸಲ ಚರಂಡಿಗೆ ಬಗ್ಗಿ ವಾಂತಿ ಮಾಡಿದ. ಮುಖ ಗಂಟಿಕ್ಕಿಕೊಂಡೇ ನೀರು ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾಣಿಸಿತು. ನಂತರ ಅವನೇ ಹೋಟೆಲಿಗೆ ಹೋಗಿ ತಪ್ಪೊಪ್ಪಿಕೊಂಡು, ಒಗೆಯಬೇಕಾದ ಹೊಸ ಗಂಟನ್ನು ಹೊತ್ತು ತಂದ. ಅವನ ಮೈಯ ನಾತಕ್ಕೆ ಹೆದರಿಯೇ ಮ್ಯಾನೇಜರ್ ಒಪ್ಪಿರಬೇಕು.

"ನಾಳೆ ಬರಲಾ?" ಎಂದ, ನೆಲ ನೋಡುತ್ತಾ. "ಈಗ ಯಾವ ನೆಪಾನೂ ಇಲ್ಲ."

"ಆ ಅಂಗಿ ಬಿಚ್ಚಿಟ್ಟು ಹೋಗಿ. ಒಗೀತೀನಿ."

"ನಾಳೇನೇ ಕೊಟ್ಟುಬಿಡ್ತೀರಾ?"

"ಈ ನಾತ ಅಷ್ಟು ಸುಲಭಕ್ಕೆ ಹೋಗಲ್ಲ," ಎಂದೆ, ಮೂಗು ಮುಚ್ಚಿಕೊಂಡು. "ದಿನಾ ಬಂದು ವಿಚಾರಿಸಿ."